ಜೇಮರ್ಸನ್‌ನ ಹಳೆಯ ತಂತಿಗಳು

ಬೇಸ್ ಗಿಟಾರಿನ ಟೋನ್ ಎಂದೊಡನೆ ನಮ್ಮವರು ಕೇಳುವುದು ‘ಯಾವ ಆ್ಯಂಪ್, ಯಾವ ಪೆಡಲ್?’ ಜೇಮ್ಸ್ ಜೇಮರ್ಸನ್ ವಿಷಯದಲ್ಲಿ ಇದರ ಉತ್ತರ ಅಂಗಡಿಯವರಿಗೆ ರುಚಿಸದು. ಡೆಟ್ರಾಯಿಟ್‌ನ ಮೋಟೌನ್ ಸ್ಟುಡಿಯೋದಲ್ಲಿ ಆತ ಹೆಚ್ಚಾಗಿ ನುಡಿಸಿದ್ದು 1962ರ ಫೆಂಡರ್ ಪ್ರಿಸಿಷನ್. ನಯವಾದ ಫ್ಲಾಟ್‌ವೌಂಡ್ ತಂತಿಗಳು, ತುಂಡಾಗುವವರೆಗೂ ಬದಲಾಯಿಸುತ್ತಿರಲಿಲ್ಲ. ಕುದುರೆಯ ಮುಚ್ಚಳದಡಿ ಸ್ಪಂಜಿನ ತುಂಡು. ಮೀಟಲು ತೋರುಬೆರಳೊಂದೇ. ರೆಕಾರ್ಡಿಂಗಿಗೆ ಸಾಮಾನ್ಯವಾಗಿ ಆ್ಯಂಪೂ ಇಲ್ಲ, ವಯರು ನೇರ ಕನ್ಸೋಲಿಗೆ.

ಆ ಸ್ಪಂಜನ್ನು ಗಮನಿಸಬೇಕು. ತಂಬೂರಿಯ ಕುದುರೆಯ ಮೇಲೆ ದಾರ ಸರಿಸಿ ನಾವು ತಂತಿಗೆ ಝೇಂಕಾರ ತರುತ್ತೇವೆ. ಇಲ್ಲಿರುವುದು ಅದರ ತದ್ವಿರುದ್ಧ. ಸ್ವರ ‘ದುಮ್’ ಎಂದು ಹುಟ್ಟಿ ಬೇಗ ಅಡಗುತ್ತದೆ. ಮಾರ್ವಿನ್ ಗೇಯ ‘ವಾಟ್ಸ್ ಗೋಯಿಂಗ್ ಆನ್’ (1971) ಹಾಡಿನಲ್ಲಿ ಜೇಮರ್ಸನ್ ಸುಮ್ಮನೆ ಕೂರುವುದೇ ಇಲ್ಲ. ಆದರೂ ಗೇಯ ಕಂಠಕ್ಕೆ ಅಡ್ಡ ಬರುವುದಿಲ್ಲ, ಏಕೆಂದರೆ ಹಿಂದಿನ ಸ್ವರ ಆಗಲೇ ಜಾಗ ಖಾಲಿ ಮಾಡಿರುತ್ತದೆ. ಅದೇ ಸಾಲನ್ನು ಹೊಸ ರೌಂಡ್‌ವೌಂಡ್ ತಂತಿಗಳಲ್ಲಿ ನುಡಿಸಿದ ಕವರ್‌ಗಳು ನನಗೆ ಗಲಾಟೆಯೇ, ವಾದಕರು ಎಷ್ಟೇ ಜಾಣರಿರಲಿ.

ಈ ಟೋನಿಗೊಂದು ದೌರ್ಬಲ್ಯವೂ ಇದೆ. ಬೇಸಿನ ದಪ್ಪ ತಂತಿ ಸುಮಾರು 41 ಹರ್ಟ್ಸ್. ಮೊಬೈಲ್ ಸ್ಪೀಕರ್ ಅಷ್ಟು ಕೆಳಗಿಳಿಯದು. ಹೊಳಪಿನ ತಂತಿಯಾದರೆ ಓವರ್‌ಟೋನ್‌ಗಳನ್ನು ಹಿಡಿದು ಕಿವಿ ಮೂಲಸ್ವರವನ್ನು ಊಹಿಸಿಕೊಳ್ಳುತ್ತದೆ. ಜೇಮರ್ಸನ್ ಅದುಮಿಟ್ಟಿದ್ದು ಅವನ್ನೇ. ವರ್ಷಗಟ್ಟಲೆ ರೆಕಾರ್ಡಿನ ಹೊದಿಕೆಯ ಮೇಲೆ ಹೆಸರಿಲ್ಲದೆ ನುಡಿಸಿದವನು, ಪೀಜಿ ಕೋಣೆಯ ಫೋನಿನಲ್ಲಿ ಕೇಳುವವರಿಗೆ ಈಗಲೂ ಇಲ್ಲ. ಪೆಡಲಿಗೆಂದು ಕೂಡಿಟ್ಟ ದುಡ್ಡಿನಲ್ಲಿ ಮೊದಲು ಒಳ್ಳೆಯ ಹೆಡ್‌ಫೋನ್ ತಗೊಳ್ಳಿ. ಹಾಡುಗಾರನನ್ನು ಬಿಟ್ಟು ಬೇಸನ್ನಷ್ಟೇ ಹಿಂಬಾಲಿಸಿ.