ಚಿನ್ನದ ಹಿನ್ನೆಲೆ, ಕಬ್ಬಿಣದ ಮಾತು

ವಸ್ತುಸಂಗ್ರಹಾಲಯವನ್ನು ನೋಡಿ ಬಂದವರನ್ನು ‘ಏನು ನೋಡಿದಿರಿ?’ ಎಂದು ಕೇಳಿದರೆ ಸಾಮಾನ್ಯವಾಗಿ ದೊರೆಯುವುದು ಒಂದು ಪಟ್ಟಿ. ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ, ಏಕೆ ಎಂಬ ಮಾತು ಬರುವುದು ಅಪರೂಪ. ಸ್ಪೇನಿನ ಉತ್ತರ ಕರಾವಳಿಯ ಬಾಸ್ಕ್ ನಗರವಾದ ಸಾನ್ ಸೆಬಾಸ್ಟಿಯನ್, ಅಲ್ಲಿಯವರ ನುಡಿಯಲ್ಲಿ ಡೊನೊಸ್ತಿಯಾ, ಇಂಥ ಪಟ್ಟಿಗೆ ಒಗ್ಗುವ ಊರಲ್ಲ. ಒಂದು ಚಿಕ್ಕ ಜನಾಂಗ ತನ್ನನ್ನು ತಾನು ಹೇಗೆ ಚಿತ್ರಿಸಿಕೊಳ್ಳಬೇಕು ಎಂಬ ಪ್ರಶ್ನೆಯನ್ನು ಅಲ್ಲಿಯ ಕಲಾಕೃತಿಗಳು ಪ್ರೇಕ್ಷಕನ ಮುಂದಿಡುತ್ತವೆ. ಅದಕ್ಕೆ ಊರಿನಲ್ಲಿ ಎರಡು ಉತ್ತರಗಳಿವೆ. ಎರಡೂ ಒಂದೇ ತೂಕದವಲ್ಲ.

ಮೊದಲನೆಯದು ಸಾನ್ ತೆಲ್ಮೊ ವಸ್ತುಸಂಗ್ರಹಾಲಯದಲ್ಲಿದೆ. ಇದು 16ನೆಯ ಶತಮಾನದಲ್ಲಿ ಡೊಮಿನಿಕನ್ ಸಂನ್ಯಾಸಿಗಳಿಗಾಗಿ ಕಟ್ಟಿದ ಮಠ. 1813ರ ಆಗಸ್ಟ್ 31ರಂದು, ನೆಪೋಲಿಯನ್ನನ ಸೈನ್ಯದಿಂದ ಊರನ್ನು ಬಿಡಿಸಲು ಬಂದ ಇಂಗ್ಲಿಷ್ ಮತ್ತು ಪೋರ್ಚುಗೀಸ್ ಸೈನಿಕರೇ ಊರನ್ನು ಸೂರೆಮಾಡಿ ಸುಟ್ಟರು. ಆಗ ಉಳಿದ ಕೆಲವೇ ಕಟ್ಟಡಗಳಲ್ಲಿ ಇದೂ ಒಂದು. ಬಳಿಕ ಸೈನಿಕರ ವಸತಿಯಾಗಿದ್ದು, 1932ರಲ್ಲಿ ವಸ್ತುಸಂಗ್ರಹಾಲಯವಾಯಿತು.

ಮಠದ ಚರ್ಚಿನ ಗೋಡೆಗಳನ್ನು ಜುಸೆಪ್ ಮರಿಯಾ ಸೆರ್ಟ್ ಎಂಬ ಕತಲಾನ್ ಚಿತ್ರಕಾರನ 11 ದೃಶ್ಯಗಳು ಆವರಿಸಿವೆ. ಚಿನ್ನದ ಬಣ್ಣದ ಮೇಲೆ ಕಂದು, ಕಪ್ಪು. ಕಬ್ಬಿಣದ ಕೆಲಸದವರು, ಮೀನುಗಾರರು, ನಾವಿಕರು, ಸಂತರು, ವಿದ್ವಾಂಸರು: ಗಿಪುಸ್ಕೋವಾ ಪ್ರಾಂತದ ಚರಿತ್ರೆಯೆಲ್ಲ ಇಲ್ಲಿ ಉಬ್ಬಿದ ಸ್ನಾಯುಗಳಲ್ಲಿ ಹೊರಳಾಡುತ್ತದೆ. ವಿಶಾಲವಾದ ಗೋಡೆಯನ್ನು ತುಂಬುವ ಸಾಮರ್ಥ್ಯ ಸೆರ್ಟನಿಗಿತ್ತು. ಅರೆಗತ್ತಲೆಯಲ್ಲಿ ಆ ಚಿನ್ನ ಮಿನುಗುವಾಗ ಯಾರೂ ಒಂದು ಕ್ಷಣ ನಿಲ್ಲುತ್ತಾರೆ. ಆದರೆ ಎರಡನೆಯ ಕ್ಷಣಕ್ಕೆ ಅಲ್ಲಿ ಏನೂ ಉಳಿದಿಲ್ಲ. ಇಲ್ಲಿ ಜನಾಂಗವಿದೆ, ಜನರಿಲ್ಲ. ದುಡಿಮೆಯ ಭಂಗಿಯಿದೆ, ದಣಿವಿಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸೆಂಟರಿನಲ್ಲಿ ಡಿಯೆಗೊ ರಿವೇರಾನ ಭಿತ್ತಿಚಿತ್ರವನ್ನು ಒಡೆದುಹಾಕಿದ ಜಾಗಕ್ಕೆ 1937ರಲ್ಲಿ ಚಿತ್ರ ಬರೆದುಕೊಟ್ಟವನೂ ಈತನೇ. ಅಲ್ಲಿ ಅಮೆರಿಕದ ಪ್ರಗತಿ, ಇಲ್ಲಿ ಬಾಸ್ಕರ ಮಹಿಮೆ. ಸ್ನಾಯುಗಳು ಮಾತ್ರ ಅವೇ.

ಅದೇ ಮಠದ ಒಳಾಂಗಣದಲ್ಲಿ, ಕಮಾನುಗಳ ಕೆಳಗೆ, ಬಾಸ್ಕ್ ಹಳ್ಳಿಗಳ ಹಳೆಯ ಸಮಾಧಿಗಲ್ಲುಗಳಿವೆ. ದುಂಡು ತಲೆ, ಕಿರಿದಾದ ಬುಡ. ಮುಖದ ಮೇಲೆ ಒಂದು ಶಿಲುಬೆಯೋ ನಕ್ಷತ್ರವೋ. ಸೆರ್ಟ್ 11 ದೃಶ್ಯಗಳಲ್ಲಿ ಹೇಳಲಾಗದ್ದನ್ನು ಅವು ಮೌನವಾಗಿ ಹೇಳುತ್ತವೆ.

ಎರಡನೆಯ ಉತ್ತರಕ್ಕೆ ಛಾವಣಿಯಿಲ್ಲ. ಒಂದಾರೆತಾ ಕಡಲತೀರದ ಕೊನೆಯಲ್ಲಿ, ಬಂಡೆಗಳಿಗೆ ಕಚ್ಚಿಕೊಂಡು ನಿಂತ ಮೂರು ಉಕ್ಕಿನ ಕೊಂಡಿಗಳು: ಎದುವಾರ್ದೊ ಚಿಯಿದಾನ ‘ಗಾಳಿಯ ಬಾಚಣಿಗೆ’. 1924ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ಈತ, 1951ರಲ್ಲಿ ಫ್ರಾನ್ಸಿನಿಂದ ಮರಳಿ, ನೆರೆಯ ಹೆರ್ನಾನಿಯ ಕಮ್ಮಾರನೊಬ್ಬನ ಕುಲುಮೆಯಲ್ಲಿ ಕಬ್ಬಿಣದ ಕೆಲಸ ಆರಂಭಿಸಿದ. ಸೆರ್ಟ್ ಕಬ್ಬಿಣದವರನ್ನು ಚಿತ್ರಿಸಿದ. ಚಿಯಿದಾ ಕಬ್ಬಿಣವನ್ನೇ ಕೈಗೆತ್ತಿಕೊಂಡ. ವ್ಯತ್ಯಾಸವೆಲ್ಲ ಇಷ್ಟರಲ್ಲಿಯೇ ಇದೆ. ವಾಸ್ತುಶಿಲ್ಪಿ ಲೂಯಿಸ್ ಪೆನ್ಯ ಗಾಂಚೇಗಿ ರಚಿಸಿದ, 1977ರಲ್ಲಿ ಮುಗಿದ ಕಲ್ಲಿನ ಜಗಲಿಯಲ್ಲಿ ರಂಧ್ರಗಳಿವೆ. ಅಲೆ ಬಡಿದಾಗ ಗಾಳಿಯೂ ನೀರೂ ಅವುಗಳಿಂದ ಚಿಮ್ಮುತ್ತವೆ. ಬಾಸ್ಕ್ ನುಡಿಯನ್ನು ಶಾಲೆಯಿಂದಲೂ ಕಚೇರಿಯಿಂದಲೂ ದೂರವಿಟ್ಟಿದ್ದ ಫ್ರಾಂಕೊ ಆಳ್ವಿಕೆ ಕೊನೆಗೊಂಡದ್ದು 1975ರಲ್ಲಿ. ಅದರ ಬೆನ್ನಿಗೇ ಸಿದ್ಧವಾದ ಈ ಕೃತಿಯಲ್ಲಿ ಬಾವುಟವಿಲ್ಲ, ವೀರರಿಲ್ಲ, ಘೋಷಣೆಯಿಲ್ಲ. ಆದರೂ ಇದು ಬೇರೆಲ್ಲಿಯದೂ ಆಗಲಾರದು.

ಹೆರ್ನಾನಿಯಲ್ಲಿ 16ನೆಯ ಶತಮಾನದ ಒಂದು ತೋಟದ ಮನೆಯ ಸುತ್ತ ಚಿಯಿದಾ 2000ದಲ್ಲಿ ತೆರೆದ ಶಿಲ್ಪವನವೂ ಇದೆ. ಆತ 2002ರಲ್ಲಿ ತೀರಿಕೊಂಡ. ಹಣದ ಅಡಚಣೆಯಿಂದ 2011ರಲ್ಲಿ ಮುಚ್ಚಿದ ವನ ಮತ್ತೆ ತೆರೆದದ್ದು 2019ರಲ್ಲಿ. ಒಳ್ಳೆಯ ಉತ್ತರವನ್ನು ಉಳಿಸಿಕೊಳ್ಳುವುದೂ ಸುಲಭವಲ್ಲ ಎಂಬುದಕ್ಕೆ ಆ ಎಂಟು ವರ್ಷಗಳೇ ಸಾಕ್ಷಿ.

ಅಲ್ಲಿಗೆ ಹೋಗುವ ಸಹೃದಯರಿಗೆ ಒಂದು ಸಲಹೆ: ಮೊದಲು ಸೆರ್ಟನನ್ನು ನೋಡಿ, ಆಮೇಲೆ ಸಮಾಧಿಗಲ್ಲುಗಳ ಬಳಿ ನಿಂತು, ಕೊನೆಗೆ ಕಡಲಿಗೆ ನಡೆಯಿರಿ. ಜನಾಂಗವನ್ನು ಹೊಗಳುವ ಕಲೆ ಬೇರೆ, ಅದರ ಉಸಿರಿನಲ್ಲಿ ಮಾತನಾಡುವ ಕಲೆ ಬೇರೆ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.