ಕೆಸರಿನ ಎರಡು ಲೆಕ್ಕಗಳು

ಕಡಲಂಚಿನ ಕಾಂಡ್ಲಾವನಗಳ ಕೆಸರು ಇಂಗಾಲದ ಭಂಡಾರವೆಂಬ ಮಾತು ಈಚೆಗೆ ವಿದ್ವಾಂಸರ ವಲಯವನ್ನು ದಾಟಿ ಬಹಳ ದೂರ ಹಬ್ಬಿದೆ. ಇದಕ್ಕೆ ಮುಖ್ಯ ಆಧಾರಗಳಲ್ಲೊಂದು, ಡೊನಾಟೊ ಎಂಬವರೂ ಅವರ ಸಂಗಡಿಗರೂ 2011ರಲ್ಲಿ ‘ನೇಚರ್ ಜಿಯೋಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನ. ಹಿಂದೂಮಹಾಸಾಗರ ಮತ್ತು ಶಾಂತಸಾಗರಗಳ ಪ್ರಾಂತ್ಯದ 25 ವನಗಳನ್ನು ಪರೀಕ್ಷಿಸಿ, ಹೆಕ್ಟೇರಿಗೆ ಸರಾಸರಿ 1,023 ಟನ್ನು ಇಂಗಾಲವಿರುವುದೆಂದೂ, ಅದರಲ್ಲಿ ಶೇಕಡ 49ರಿಂದ 98ರಷ್ಟು ಪಾಲು ಮಣ್ಣಿನಲ್ಲಿಯೇ ಅಡಗಿರುವುದೆಂದೂ ಅವರು ತೋರಿಸಿದರು. ಮರಕ್ಕಿಂತ ಮಣ್ಣಿನ ಸಂಗ್ರಹವೇ ಮಿಗಿಲಾಗಬಹುದೆಂಬುದನ್ನು ಅಂಕಿಗಳಿಂದ ಸ್ಥಾಪಿಸಿದುದು ಆ ಲೇಖನದ ಹಿರಿಯ ಗುಣ. ದೋಷವಿರುವುದು, ಆ ಅಂಕಿಯನ್ನು ಅದರ ಕಾರಣಗಳಿಂದ ಬಿಡಿಸಿ ಎಲ್ಲ ಕೆಸರಿಗೂ ಅನ್ವಯಿಸುವ ಅನುಕರಣೆಯಲ್ಲಿ.

ಕಾರಣಗಳು ಸ್ಪಷ್ಟವಾಗಿವೆ. ನೀರು ನಿಂತ ಕೆಸರಿನಲ್ಲಿ ಪ್ರಾಣವಾಯು ವಿರಳವಾದುದರಿಂದ ಎಲೆ ಬೇರುಗಳು ಬಲು ಮೆಲ್ಲನೆ ಕೊಳೆಯುವುವು, ಇಂಗಾಲ ಉಳಿಯುವುದು. ಅದೇ ಸ್ಥಿತಿಯಲ್ಲಿ, ಕಡಲ ನೀರಿನ ಸಲ್ಫೇಟನ್ನು ಸೂಕ್ಷ್ಮಜೀವಿಗಳು ಸಲ್ಫೈಡಾಗಿ ಮಾರ್ಪಡಿಸಲು, ಸತು, ಸೀಸ, ತಾಮ್ರಗಳು ಅದರೊಡನೆ ಕೂಡಿ ಕರಗದೆ ನೆಲೆನಿಲ್ಲುವುವು. ಇಂಗಾಲವನ್ನು ಕಾಯುವ ಕೋಣೆಯೇ ಲೋಹವನ್ನೂ ಕಾಯುವುದು. ಬಾಗಿಲು ತೆರೆದರೆ ಎರಡೂ ಹೊರಬೀಳುವುವು. ಕೆಸರನ್ನು ಅಗೆದು ಗಾಳಿಗೊಡ್ಡಿದೊಡನೆ ಇಂಗಾಲ ವಾಯುವಾಗತೊಡಗುವುದು, ಸಲ್ಫೈಡು ಆಮ್ಲವಾಗತೊಡಗುವುದು, ಲೋಹ ನೀರಿಗಿಳಿಯುವುದು. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆಯಲ್ಲಿ ಜನರು ಬಳಚನ್ನು ಹೆಕ್ಕಿ ತಿನ್ನುವರು. ಅಂಥ ಕಡೆ ಇಂಗಾಲವನ್ನು ಮಾತ್ರ ಎಣಿಸಿ ಲೋಹವನ್ನು ಮರೆಯುವುದು ಅರ್ಧ ಲೆಕ್ಕವೇ ಸರಿ.

ಇನ್ನು ಒಳನಾಡಿಗೆ ಬಂದರೆ, ದಾವಣಗೆರೆ ಹರಿಹರಗಳ ಬಳಿ ಕಾಂಡ್ಲಾವಿಲ್ಲ, ಉಬ್ಬರವಿಳಿತವಿಲ್ಲ. ಇರುವುದು ತುಂಗಭದ್ರೆಯ ಸಿಹಿನೀರು. ಆ ನೀರಿನಲ್ಲಿ ಸಲ್ಫೇಟು ಕಡಲಿನಷ್ಟಿಲ್ಲವಾಗಿ, ಸಲ್ಫೈಡಿನ ಬೀಗ ಸಡಿಲು. ಮಳೆಗಾಲದ ಪ್ರವಾಹವಂತೂ ಹಳೆಯ ಕೆಸರನ್ನು ಕದಡಿ ಒಯ್ಯುವುದು. ಆದಕಾರಣ ಕಾಂಡ್ಲಾವನದ ಅಂಕಿಯನ್ನು ಇಲ್ಲಿಗೆ ತರಲಾಗದು. ವಿಚಾರಕ್ರಮವನ್ನು ಮಾತ್ರ ತರಬಹುದು.

ಹರಿಹರದ ಎದುರುದಡದ ಕುಮಾರಪಟ್ಟಣದಲ್ಲಿ 1970ರ ದಶಕದಿಂದ ಮರದ ತಿರುಳಿನ ಉದ್ಯಮವಿದೆ; ನದಿಯ ಮಾಲಿನ್ಯವನ್ನು ಕುರಿತು 1980ರ ದಶಕದಲ್ಲಿ ಸಮಾಜ ಪರಿವರ್ತನ ಸಮುದಾಯವು ಚಳವಳಿ ಹೂಡಿತು. ವಿಸ್ಕೋಸ್ ನೂಲಿನ ತಯಾರಿಕೆಯಲ್ಲಿ ಗಂಧಕಾಮ್ಲವೂ ಸತುವಿನ ಸಲ್ಫೇಟೂ ಬಳಕೆಯಾಗುವುದು ಸರ್ವವಿದಿತ. ಹೀಗಿರಲು, ಇಲ್ಲಿಯ ಪರಿಶೋಧಕನು ಸತು ಸಲ್ಫೇಟುಗಳನ್ನು ಊರಿನ ಮೇಲುಹೊಳೆ ಕೆಳಹೊಳೆಗಳೆರಡರಲ್ಲಿಯೂ ಅಳೆಯತಕ್ಕುದು. ಒಟ್ಟು ಲೋಹವೆಷ್ಟೆಂದು ಹೇಳಿದರೆ ಸಾಲದು. ಶಿಲೆಯೊಳಗೆ ಹುದುಗಿದುದೆಷ್ಟು, ಬಿಡಿಸಿಕೊಳ್ಳಬಲ್ಲುದೆಷ್ಟು ಎಂಬ ವಿಭಾಗವಿಲ್ಲದಿದ್ದರೆ ಆ ಸಂಖ್ಯೆ ನಿರಪರಾಧಿಯನ್ನು ದೂಷಿಸಬಹುದು, ಅಪರಾಧಿಯನ್ನು ಬಿಡಬಹುದು.

ಕೆಸರಿನ ಪಯಣವನ್ನೂ ಗಮನಿಸಬೇಕು. ಹರಿಹರದ ನೀರು ಕೃಷ್ಣೆಯನ್ನು ಕೂಡಿ ಆಂಧ್ರದ ಮುಖಜಭೂಮಿಯ ಕಾಂಡ್ಲಾವನಗಳತ್ತ ಸಾಗುವುದು ನಿಜ. ಆದರೆ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನ ಹಿಂದೆಯೇ ಹೂಳಿನ ಬಹುಪಾಲು ತಂಗುವುದು. ಮೊದಲು ಸುಮಾರು 133 ಟಿ.ಎಂ.ಸಿ. ಅಡಿಯಿದ್ದ ಜಲಾಶಯವು ಸುಮಾರು 105ಕ್ಕೆ ಇಳಿದುದೇ ಇದಕ್ಕೆ ಸಾಕ್ಷಿ. ಒಂದೆಡೆ ನಷ್ಟವೆನಿಸಿದ ಈ ಹೂಳನ್ನೇ ಇನ್ನೊಂದೆಡೆ ಇಂಗಾಲದ ಲಾಭವೆಂದು ಬರೆದುಕೊಳ್ಳುವುದು ಸುಲಭ. ಹೂಳನ್ನು ತೆಗೆದ ದಿನ ಲಾಭವೆಲ್ಲಿ ಎಂಬ ಪ್ರಶ್ನೆಗೆ ಉತ್ತರ ಸುಲಭವಲ್ಲ.

ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವ ರೈತನಿಗೂ, ರಾಜನಹಳ್ಳಿಯಿಂದ ಬಂದ ನದಿಯ ನೀರನ್ನು ಕುಡಿಯುವ ದಾವಣಗೆರೆಯ ಗೃಹಸ್ಥನಿಗೂ ಈ ವಿಚಾರ ಪರೋಕ್ಷವಾದುದಲ್ಲ. ಕೆಸರನ್ನು ಭಂಡಾರವೆಂದು ಹೊಗಳುವ ಶಾಸ್ತ್ರವು, ಭಂಡಾರದಲ್ಲಿ ಏನೇನಿದೆ, ಬೀಗ ಯಾವುದು, ಅದನ್ನು ಯಾರು ಒಡೆಯಬಹುದು ಎಂಬ ಮೂರನ್ನೂ ಹೇಳಿದಾಗಲೇ ಪ್ರಮಾಣವಾಗುವುದು.