ಮನೆಯೇ ಕಚೇರಿ, ಕುರ್ಚಿ ಯಾರದು?

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಬಾಗಲೂರಿನಂಥ ಹೊರಬಡಾವಣೆಗಳಲ್ಲಿ ಊಟದ ಮೇಜು, ಮಂಚಗಳೇ ಕಚೇರಿಗಳಾದವು. ಡಿಸೆಂಬರ್ 31ರಂದು ಕೇಂದ್ರ ಕಾರ್ಮಿಕ ಸಚಿವಾಲಯ ಪ್ರಕಟಿಸಿದ ಸೇವಾ ವಲಯದ ಮಾದರಿ ಸ್ಥಾಯೀ ಆದೇಶಗಳ ಕರಡಿನಲ್ಲಿ, ಮನೆಯಿಂದ ಕೆಲಸ ಮಾಡಲು ಮಾಲೀಕರು ಅನುಮತಿ ನೀಡಬಹುದು ಎಂದಿತ್ತು. ಕುರ್ಚಿ, ಬೆಳಕು, ವಿರಾಮಗಳ ಹೊಣೆ ಯಾರದೆಂದು ಆ ವಿಧಿ ಹೇಳಲಿಲ್ಲ. ಕೊರತೆ ಇರುವುದು ಇಲ್ಲಿಯೇ.

ಲ್ಯಾಪ್‌ಟಾಪನ್ನೇ ಪರೀಕ್ಷಿಸಿ ನೋಡಿ. ಕೀಲಿಮಣೆ ಮೊಣಕೈ ಮಟ್ಟದಲ್ಲಿದ್ದರೆ ತೆರೆ ತಗ್ಗಿನಲ್ಲಿ ಉಳಿದು ನಿಮ್ಮ ಕತ್ತು ಬಾಗುತ್ತದೆ. ತೆರೆಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿದರೆ ಭುಜಗಳು ಮೇಲೇರುತ್ತವೆ. ಎರಡನ್ನೂ ಒಂದಕ್ಕೊಂದು ಜೋಡಿಸಿರುವುದೇ ದೋಷ. ತಲೆಯ ತೂಕ ಸುಮಾರು 5 ಕಿಲೋಗ್ರಾಂ. ಕತ್ತು ಬಾಗಿದಷ್ಟೂ ಆ ಭಾರ ಮುಂದಕ್ಕೆ ಸರಿಯುತ್ತದೆ, ಹಿಂಗತ್ತಿನ ಸ್ನಾಯುಗಳು ಅಷ್ಟೇ ಹೆಚ್ಚು ಬಲದಿಂದ ಎಳೆಯಬೇಕಾಗುತ್ತದೆ. ಸನ್ನೆಯ ಪಾಠಕ್ಕೆ ಶಿಕ್ಷಕರಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಪ್ರತ್ಯೇಕ ಕೀಲಿಮಣೆ, ಮೌಸ್ ಇದ್ದರೆ ಲ್ಯಾಪ್‌ಟಾಪನ್ನು ನಾಲ್ಕು ದಪ್ಪ ಪುಸ್ತಕಗಳ ಮೇಲಿಟ್ಟರೂ ಸಾಕು. ಇಷ್ಟನ್ನು ಸಂಸ್ಥೆಗಳು ಒದಗಿಸಲಾರವೆ?

ದುಡಿಮೆಯ ಅವಧಿಯ ವಿಷಯ ಇನ್ನೂ ಗಂಭೀರ. ವಾರಕ್ಕೆ 55 ಗಂಟೆ ಮೀರಿದವರಲ್ಲಿ ಪಾರ್ಶ್ವವಾಯುವಿನ ಅಪಾಯ, 35–40 ಗಂಟೆ ದುಡಿಯುವವರಿಗಿಂತ ಸುಮಾರು 35% ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ಅಂದಾಜಿಸಿದವು. ಮನೆಯಲ್ಲಿ ಗಂಟೆ ಎಣಿಸುವವರಾರು? ಸುರಕ್ಷತೆಯ ಕಾನೂನು ಮನೆಯಲ್ಲಿನ ದುಡಿಮೆಗೂ ಅನ್ವಯಿಸಬೇಕೆಂದು ಕಾರ್ಮಿಕ ಸಂಸ್ಥೆಯ 177ನೇ ಒಡಂಬಡಿಕೆ 1996ರಲ್ಲೇ ಹೇಳಿತ್ತು. ಭಾರತ ಅದನ್ನು ಅನುಮೋದಿಸಿಲ್ಲ.